ನಾಲ್ಕನೇ ಫೋಟೋಗೆ ಆ್ಯಪ್ ಮುಚ್ಚಿಹೋಗುತ್ತಿದೆ, ಅರ್ಧ ಫೋನ್‌ಗಳಿಂದ ಕ್ರ್ಯಾಶ್ ವರದಿಯೂ ಬರುತ್ತಿಲ್ಲ

ಬದುಬೇಲಿ

ಎಲ್ಲರಿಗೂ ನಮಸ್ಕಾರ. ಹಾವೇರಿ ಕಡೆಯ ಒಂದು ರೈತ ಉತ್ಪಾದಕ ಸಂಸ್ಥೆಗೆ ಆ್ಯಂಡ್ರಾಯ್ಡ್ ಆ್ಯಪ್ ಮಾಡಿಕೊಟ್ಟಿದ್ದೇವೆ. ಕೋಟ್ಲಿನ್ ಭಾಷೆ, ಪರದೆಗಳು ಹಳೇ ಎಕ್ಸ್‌ಎಂಎಲ್ ವ್ಯೂಗಳಲ್ಲಿ, ಹೊಸ ಕಂಪೋಸ್ ಬಳಸಿಲ್ಲ. ಕ್ಷೇತ್ರ ಸಿಬ್ಬಂದಿ ಗೋವಿನಜೋಳ, ಮೆಣಸಿನಕಾಯಿ ಹೊಲಗಳಿಗೆ ಹೋಗಿ ಹೊಲದ ನಾಲ್ಕು ಮೂಲೆಯ ಫೋಟೋ, ಬೆಳೆಯದ್ದೊಂದು ಹತ್ತಿರದ ಫೋಟೋ ತೆಗೆದು ಫಾರ್ಮ್ ತುಂಬಬೇಕು. ಅವರ ಕೈಯಲ್ಲಿರುವುದು ಬಹುತೇಕ 2 ಜಿಬಿ, 3 ಜಿಬಿ ರ‍್ಯಾಮ್‌ನ ಫೋನ್‌ಗಳು, ಆ್ಯಂಡ್ರಾಯ್ಡ್ 10 ಮತ್ತು 11. ಕ್ಯಾಮೆರಾ 13 ಮೆಗಾಪಿಕ್ಸೆಲ್.

ತೊಂದರೆ ಎರಡು ಥರ ಕಾಣಿಸುತ್ತಿದೆ. ಕೆಲವರಿಗೆ ಮೂರನೆಯದೋ ನಾಲ್ಕನೆಯದೋ ಫೋಟೋ ಆದ ಕೂಡಲೇ ಆ್ಯಪ್ ನಿಂತುಹೋಗಿದೆ ಎಂಬ ಡಬ್ಬಿ ಬರುತ್ತದೆ. ಇದರ ವರದಿ ನಮಗೆ ಸಿಕ್ಕಿದೆ: ಔಟ್‌ಆಫ್‌ಮೆಮೊರಿ ಎರರ್, ಒಂದೇ ಏಟಿಗೆ ಸುಮಾರು 64 ಎಂಬಿ ಕೇಳಿದೆ, ಸಿಕ್ಕಿಲ್ಲ, ಸಾಲಿನ ಕೊನೆಯಲ್ಲಿ ಗ್ರೋತ್ ಲಿಮಿಟ್ 134217728 ಎಂದಿದೆ. ಇನ್ನು ಕೆಲವರಿಗೆ ಯಾವ ಡಬ್ಬಿಯೂ ಬರುವುದಿಲ್ಲ. ಕ್ಯಾಮೆರಾದಲ್ಲಿ ಟಿಕ್ ಒತ್ತಿ ವಾಪಸ್ ಬಂದರೆ ಆ್ಯಪ್ ಮೊದಲ ಪುಟದಿಂದ ಶುರುವಾಗಿರುತ್ತದೆ, ತುಂಬಿದ್ದ ಫಾರ್ಮ್ ಖಾಲಿ. ಇವರಿಂದ ಒಂದು ಸಾಲಿನ ವರದಿಯೂ ಬಂದಿಲ್ಲ.

ಹೆಚ್ಚು ಮೆಮೊರಿ ಸಿಗಲಿ ಎಂದು ಆ್ಯಪ್‌ನ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಲಾರ್ಜ್‌ಹೀಪ್ ಟ್ರೂ ಮಾಡಿದೆವು. ಮೊದಲ ಥರದ್ದು ಕಡಿಮೆಯಾಯಿತು, ಎರಡನೆಯದು ಜಾಸ್ತಿಯಾಯಿತು. ಬಿಸಿಲಲ್ಲಿ ನಿಂತು ತುಂಬಿದ ಫಾರ್ಮ್ ಹೋದರೆ ಅವರು ಮತ್ತೆ ನಾಲ್ಕೂ ಮೂಲೆ ಸುತ್ತಬೇಕು. ಎಲ್ಲಿಂದ ಹುಡುಕಲಿ ಅಂತ ದಯವಿಟ್ಟು ಹೇಳಿ.

ನಿಧಾನಿ

ನಮ್ಮಲ್ಲೂ ಇದೇ ಆಗುತ್ತಿತ್ತು. ಪ್ರತಿ ಫೋಟೋ ಆದ ಮೇಲೆ ಸಿಸ್ಟಮ್ ಜಿಸಿ (ಬಳಕೆಯಲ್ಲಿಲ್ಲದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಷನ್) ಕರೆದು ನೋಡಿ. ಫೋಟೋ ಲೋಡ್ ಮಾಡುವ ಕಡೆ ಔಟ್‌ಆಫ್‌ಮೆಮೊರಿಯನ್ನು ಟ್ರೈ-ಕ್ಯಾಚ್‌ನಲ್ಲಿ ಹಿಡಿದುಬಿಟ್ಟರೆ ಕನಿಷ್ಠ ಡಬ್ಬಿ ಬರುವುದು ನಿಲ್ಲುತ್ತದೆ.

ಹಳೇಬೇರು

ಬದುಬೇಲಿ ಅವರೇ, ಎರಡು ಲಕ್ಷಣಗಳನ್ನು ಬೇರೆ ಬೇರೆಯಾಗಿ ಬರೆದಿದ್ದು ತುಂಬ ಒಳ್ಳೆಯದಾಯಿತು. ಅವು ಎರಡು ಬೇರೆ ಸಾವುಗಳು. ಒಂದಕ್ಕೆ ಕೊಟ್ಟ ಔಷಧ ಇನ್ನೊಂದನ್ನು ಹೆಚ್ಚಿಸುತ್ತದೆ, ನಿಮ್ಮಲ್ಲಿ ಆಗಿರುವುದೂ ಅದೇ.

ಮೊದಲನೆಯದು ಜಾವಾ ಹೀಪ್, ಅಂದರೆ ನಿಮ್ಮ ಕೋಡಿನ ವಸ್ತುಗಳು ಕೂರುವ ಮೆಮೊರಿ, ತುಂಬಿದ್ದು. ಪ್ರತಿ ಆ್ಯಪ್‌ಗೂ ಫೋನ್ ತಯಾರಕರು ಒಂದು ಮಿತಿ ಇಟ್ಟಿರುತ್ತಾರೆ. ನೀವು ಕೊಟ್ಟ ಆ ಸಂಖ್ಯೆ ಸರಿಯಾಗಿ 128 ಎಂಬಿ. ಇದನ್ನು ಮೀರಿದರೆ ನಿಮ್ಮ ಕೋಡಿನೊಳಗೇ ಎಕ್ಸೆಪ್ಶನ್ ಹುಟ್ಟುತ್ತದೆ, ಅದಕ್ಕೇ ಕ್ರ್ಯಾಶ್ ವರದಿ ಮಾಡುವ ಲೈಬ್ರರಿಗೆ ಅದು ಕಾಣುತ್ತದೆ.

ಎರಡನೆಯದರಲ್ಲಿ ನಿಮ್ಮ ಆ್ಯಪ್ ತಾನಾಗಿ ಬೀಳಲಿಲ್ಲ, ಅದನ್ನು ಕೊಂದರು. ಇಡೀ ಫೋನಿನ ರ‍್ಯಾಮ್ ಸಾಲದೆ ಬಂದಾಗ ಎಲ್‌ಎಂಕೆಡಿ ಎಂಬ ಸಿಸ್ಟಮ್ ಸೇವೆ ಯಾವ ಪ್ರಾಸೆಸ್ ಹೋದರೆ ಬಳಕೆದಾರನಿಗೆ ಕಡಿಮೆ ತೊಂದರೆ ಎಂದು ನೋಡಿ ನೇರವಾಗಿ ಸಿಗ್ನಲ್ 9, ಅಂದರೆ ತಕ್ಷಣ ಸಾಯಿಸುವ ಆಜ್ಞೆ, ಕಳಿಸುತ್ತದೆ. ಅದು ಬಂದ ಮೇಲೆ ನಿಮ್ಮ ಕೋಡಿನ ಒಂದು ಸಾಲೂ ಓಡುವುದಿಲ್ಲ, ವರದಿ ಬರೆಯುವವರೇ ಇರುವುದಿಲ್ಲ. ಎಲ್ಲ ಪ್ರಾಸೆಸ್‌ಗೂ ಒಂದು ಅಂಕ ಇರುತ್ತದೆ: ಎದುರಿಗಿರುವ ಆ್ಯಪ್‌ಗೆ 0, ಈಗಷ್ಟೇ ಬಿಟ್ಟುಬಂದ ಆ್ಯಪ್‌ಗೆ 700, ಹಿಂದೆ ಸುಮ್ಮನೆ ಕೂತಿರುವವಕ್ಕೆ 900ರ ಮೇಲೆ. ಅಂಕ ಹೆಚ್ಚಿದ್ದವರು ಮೊದಲು ಹೋಗುತ್ತಾರೆ. ನೀವು ಫೋನಿನ ಕ್ಯಾಮೆರಾ ಆ್ಯಪ್ ತೆರೆದ ಕ್ಷಣ ಕ್ಯಾಮೆರಾ ಎದುರಿಗೆ ಬಂತು, ನೀವು ಹಿಂದಕ್ಕೆ ಹೋದಿರಿ. ಕ್ಯಾಮೆರಾಗೆ ಒಮ್ಮೆಲೇ ಬಹಳ ಮೆಮೊರಿ ಬೇಕು. 2 ಜಿಬಿ ಫೋನಿನಲ್ಲಿ ಬಲಿಯಾಗುವುದು ಅದರ ಹಿಂದೆ ದೊಡ್ಡದಾಗಿ ಕೂತಿರುವ ನಿಮ್ಮ ಆ್ಯಪ್.

ಲಾರ್ಜ್‌ಹೀಪ್ ಹಾಕಿದಾಗ ಜಾವಾ ಹೀಪ್‌ನ ಮಿತಿ ಏರಿತು, ಆ್ಯಪ್ ಇನ್ನಷ್ಟು ಊದಿಕೊಂಡಿತು, ಎಲ್‌ಎಂಕೆಡಿ ಕಣ್ಣಿಗೆ ಬೇಗ ಬಿತ್ತು. ತೆಗೆದುಬಿಡಿ ಅದನ್ನು.

ನಿಧಾನಿ ಅವರೇ, ಜಿಸಿ ಕರೆಯುವುದರಿಂದ ಪ್ರಯೋಜನವಿಲ್ಲ. ಮೆಮೊರಿ ಸಾಲದಾದಾಗ ಎಆರ್‌ಟಿ (ಆ್ಯಪ್‌ಗಳನ್ನು ಓಡಿಸುವ ಆ್ಯಂಡ್ರಾಯ್ಡ್‌ನ ಭಾಗ) ಎಕ್ಸೆಪ್ಶನ್ ಎಸೆಯುವ ಮೊದಲು ತಾನೇ ಜಿಸಿ ಮಾಡಿ ನೋಡಿರುತ್ತದೆ. ಯಾರೋ ಹಿಡಿದುಕೊಂಡಿರುವ ವಸ್ತುವನ್ನು ಎಷ್ಟು ಸಲ ಜಿಸಿ ಮಾಡಿದರೂ ಅದು ಬಿಡುಗಡೆ ಮಾಡುವುದಿಲ್ಲ. ಎರರ್ ಹಿಡಿದು ಮುಚ್ಚುವುದರಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಹೀಪ್ ತುದಿಯಲ್ಲಿರುವಾಗ ಇನ್ನೊಂದು ಥ್ರೆಡ್ ಹತ್ತು ಬೈಟ್ ಕೇಳಿದರೂ ಅಲ್ಲಿ ಬೀಳುತ್ತದೆ, ಆಗ ಸ್ಟ್ಯಾಕ್ ಟ್ರೇಸ್ (ಬಿದ್ದಾಗ ಕೋಡಿನ ಯಾವ ಕರೆಗಳು ಓಡುತ್ತಿದ್ದವು ಎಂಬ ಪಟ್ಟಿ) ತಪ್ಪಿತಸ್ಥನಲ್ಲದ ಜಾಗವನ್ನು ತೋರಿಸುತ್ತದೆ.

ಬದುಬೇಲಿ ಅವರೇ, ನನಗೆ ಮೂರು ವಿಷಯ ಬೇಕು. ಔಟ್‌ಆಫ್‌ಮೆಮೊರಿಯ ಪೂರ್ತಿ ಸ್ಟ್ಯಾಕ್ ಟ್ರೇಸ್. ಆ್ಯಪ್ ತೆರೆದ ತಕ್ಷಣ ಒಮ್ಮೆ, ಮೂರು ಫೋಟೋ ಆದ ಮೇಲೆ ಒಮ್ಮೆ, ಕಂಪ್ಯೂಟರಿನಿಂದ ಎಡಿಬಿ ಶೆಲ್ ಡಂಪ್‌ಸಿಸ್ ಮೆಮ್‌ಇನ್ಫೋ (ಮೆಮೊರಿ ಲೆಕ್ಕ ಕೊಡುವ ಆಜ್ಞೆ) ಜೊತೆ ನಿಮ್ಮ ಪ್ಯಾಕೇಜ್ ಹೆಸರು ಕೊಟ್ಟು ಬರುವ ಪಟ್ಟಿ. ಮತ್ತೆ ಫೋಟೋ ಇಲ್ಲದೆ ಐದು ಹೊಲ ತೆರೆದು ಬ್ಯಾಕ್ ಒತ್ತಿ, ಅದೇ ಪಟ್ಟಿಯ ಕೆಳಗೆ ಆಬ್ಜೆಕ್ಟ್ಸ್ ಎಂಬ ಭಾಗದಲ್ಲಿ ಆ್ಯಕ್ಟಿವಿಟೀಸ್ (ಆ್ಯಪ್‌ನ ಪುಟಗಳು) ಎದುರಿಗೆ ಎಷ್ಟಿದೆ ನೋಡಿ. ಆ್ಯಂಡ್ರಾಯ್ಡ್ 11 ಫೋನುಗಳಲ್ಲಿ ಆ್ಯಪ್ ಹಿಂದಿನ ಸಲ ಯಾಕೆ ಸತ್ತಿತು ಎಂದು ಸಿಸ್ಟಮ್ ಅನ್ನೇ ಕೇಳಬಹುದು, ಆ್ಯಪ್ಲಿಕೇಶನ್ ಎಕ್ಸಿಟ್ ಇನ್ಫೋ ಎಂಬ ಕ್ಲಾಸ್ ಇದೆ, ಅದನ್ನೂ ಲಾಗ್ ಮಾಡಿ.

ಬದುಬೇಲಿ

ಧನ್ಯವಾದ ಸರ್. ಲಾರ್ಜ್‌ಹೀಪ್ ತೆಗೆದು ಎಲ್ಲ ಅಳೆದಿದ್ದೇನೆ.

ಆ್ಯಪ್ ತೆರೆದಾಗ ನೇಟಿವ್ ಹೀಪ್ (ಜಾವಾ ಹೀಪ್‌ನ ಹೊರಗಿನ ಮೆಮೊರಿ) 38 ಎಂಬಿ, ಒಟ್ಟು ಪಿಎಸ್‌ಎಸ್ (ಆ್ಯಪ್ ಪಾಲಿಗೆ ಬರುವ ಒಟ್ಟು ಮೆಮೊರಿ) 110 ಎಂಬಿ ಸುಮಾರು. ಮೂರು ಫೋಟೋ ಆದ ಮೇಲೆ ನೇಟಿವ್ ಹೀಪ್ 190 ಎಂಬಿ ದಾಟಿದೆ, ಫೋಟೋ ತೋರಿಸುವ ಗಳಿಗೆಯಲ್ಲಿ ಇನ್ನೂ ಮೇಲಕ್ಕೆ ಹೋಗಿ ಇಳಿಯುತ್ತಿದೆ. ಐದು ಹೊಲ ತೆರೆದು ಮುಚ್ಚಿದರೆ ಆ್ಯಕ್ಟಿವಿಟೀಸ್ 6 ಎಂದು ತೋರಿಸುತ್ತಿದೆ. ಪರದೆಯ ಮೇಲಿರುವುದು ಪಟ್ಟಿಯ ಪುಟ ಒಂದೇ!

ಆ್ಯಂಡ್ರಾಯ್ಡ್ 11ರ ಒಂದು ಫೋನಿನಲ್ಲಿ ಕಾರಣ ಲೋ ಮೆಮೊರಿ ಎಂದು ಬಂದಿದೆ. ಇನ್ನೊಂದರಲ್ಲಿ ಸಿಗ್ನಲ್ಡ್, ಸ್ಟೇಟಸ್ 9 ಎಂದು ಮಾತ್ರ ಇದೆ.

ಔಟ್‌ಆಫ್‌ಮೆಮೊರಿಯ ಟ್ರೇಸ್‌ನಲ್ಲಿ ಬಿಟ್‌ಮ್ಯಾಪ್ (ಮೆಮೊರಿಯಲ್ಲಿ ಬಿಚ್ಚಿಟ್ಟ ಚಿತ್ರ) ಹೆಸರೇ ಇಲ್ಲ. ಅರೇಸ್ ಕಾಪಿಆಫ್, ಅದರ ಕೆಳಗೆ ಸ್ಟ್ರಿಂಗ್ ಬಫರ್ ಅಪೆಂಡ್, ಇನ್ನೂ ಕೆಳಗೆ ಜಿಸನ್ ಎಂಬ ಲೈಬ್ರರಿಯ ಟು-ಜೇಸನ್. ಪ್ರತಿ ಫೋಟೋ ಆದ ಮೇಲೆ ಅಲ್ಲಿಯವರೆಗಿನ ಇಡೀ ಫಾರ್ಮ್ ಅನ್ನು, ಫೋಟೋಗಳನ್ನು ಬೇಸ್64 (ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ರೀತಿ) ಮಾಡಿ ಸೇರಿಸಿ, ಜೇಸನ್ ಪಠ್ಯವಾಗಿ ಸರ್ವರ್‌ಗೆ ಕಳಿಸುತ್ತೇವೆ. ನೆಟ್‌ವರ್ಕ್ ಸಿಗ್ನಲ್ ಇದ್ದಾಗಲೇ ಉಳಿಯಲಿ ಎಂಬ ಉದ್ದೇಶ.

ಹಳೇಬೇರು

ಈಗ ಎಲ್ಲ ಕಾಣುತ್ತಿದೆ. ಮೂರು ಬೇರೆ ಬೇರೆ ಕಾಯಿಲೆ ಒಂದೇ ಆ್ಯಪ್‌ನಲ್ಲಿ ಸೇರಿಕೊಂಡಿವೆ. ಸಿಗ್ನಲ್ಡ್ 9 ಬಂದ ಫೋನಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ: ಎಲ್ಲ ಫೋನುಗಳೂ ಲೋ ಮೆಮೊರಿ ಎಂಬ ಕಾರಣವನ್ನು ತಿಳಿಸುವುದಿಲ್ಲ. ಆ್ಯಕ್ಟಿವಿಟಿ ಮ್ಯಾನೇಜರ್‌ನಲ್ಲಿ ಈಸ್ ಲೋ ಮೆಮೊರಿ ಕಿಲ್ ರಿಪೋರ್ಟ್ ಸಪೋರ್ಟೆಡ್ ಎಂದು ಕೇಳಿ. ಫಾಲ್ಸ್ ಬಂದರೆ ಆ ಫೋನಿನಲ್ಲಿ ಸಿಗ್ನಲ್ 9 ಎಂದರೆ ಬಹುಮಟ್ಟಿಗೆ ಅದೇ.

ಫೋಟೋ ಲೆಕ್ಕ ನೋಡಿ. ಗ್ಯಾಲರಿಯಲ್ಲಿ ಫೈಲ್ 4 ಎಂಬಿ ಎಂದು ತೋರಿಸುತ್ತದೆ, ಅದು ಜೆಪೆಗ್ ಆಗಿ ಕುಗ್ಗಿಸಿಟ್ಟ ಗಾತ್ರ. ಪರದೆಗೆ ಬರಬೇಕಾದರೆ ಬಿಚ್ಚಲೇಬೇಕು, ಬಿಚ್ಚಿದರೆ ಒಂದೊಂದು ಪಿಕ್ಸೆಲ್‌ಗೂ 4 ಬೈಟ್. 13 ಮೆಗಾಪಿಕ್ಸೆಲ್ ಎಂದರೆ 4160 ಅಡ್ಡ, 3120 ಉದ್ದ. ಗುಣಿಸಿದರೆ 5,19,16,800 ಬೈಟ್, ಅಂದರೆ 49.5 ಎಂಬಿ. ಮೂರು ಫೋಟೋಗೆ ಸುಮಾರು 150. ನಿಮ್ಮ ನೇಟಿವ್ ಹೀಪ್ ಏರಿದ್ದೂ ಅಷ್ಟೇ.

ಆ್ಯಂಡ್ರಾಯ್ಡ್ 8ರಿಂದ ಬಿಟ್‌ಮ್ಯಾಪ್‌ನ ಪಿಕ್ಸೆಲ್‌ಗಳು ಜಾವಾ ಹೀಪ್‌ನಲ್ಲಿಲ್ಲ, ನೇಟಿವ್ ಹೀಪ್‌ಗೆ ಹೋಗಿವೆ. ಅದಕ್ಕೂ ಹಿಂದಿನ ಫೋನುಗಳಾಗಿದ್ದರೆ ನಿಮಗೆ ಬಿಟ್‌ಮ್ಯಾಪ್ ಹೆಸರಿನಲ್ಲೇ ಔಟ್‌ಆಫ್‌ಮೆಮೊರಿ ಬರುತ್ತಿತ್ತು. ಈಗ 128 ಎಂಬಿ ಮಿತಿ ಅವಕ್ಕೆ ತಾಗುವುದಿಲ್ಲ, ಅವು ಸದ್ದಿಲ್ಲದೆ ಬೆಳೆಯುತ್ತವೆ, ಕೊನೆಗೆ ಎಲ್‌ಎಂಕೆಡಿ ಬರುತ್ತದೆ. ಬಿಟ್‌ಮ್ಯಾಪ್ ತಪ್ಪಿಗೆ ವರದಿ ಬರದಿರಲು ಇದೇ ಕಾರಣ.

ನೀವು ಫೋಟೋ ತೋರಿಸುವ ಚೌಕ ಎಷ್ಟು ದೊಡ್ಡದು? ಮತ್ತೆ ಫೋಟೋ ನೆಟ್ಟಗೆ ಕಾಣಲಿ ಎಂದು ಎಕ್ಸಿಫ್ (ಫೋಟೋ ಜೊತೆ ಬರುವ ದಿಕ್ಕು ಮೊದಲಾದ ಮಾಹಿತಿ) ನೋಡಿ ತಿರುಗಿಸುತ್ತೀರಾ?

ಬದುಬೇಲಿ

160 ಡಿಪಿ ಚೌಕ. ಈ ಫೋನುಗಳಲ್ಲಿ 320 ಪಿಕ್ಸೆಲ್ ಆಗುತ್ತದೆ. ಹೌದು, ಮ್ಯಾಟ್ರಿಕ್ಸ್ ಹಾಕಿ ಕ್ರಿಯೇಟ್ ಬಿಟ್‌ಮ್ಯಾಪ್‌ನಿಂದ ತಿರುಗಿಸುತ್ತೇವೆ.

ಹಳೇಬೇರು

ಹಾಗಾದರೆ ಅಳತೆ ಮೇಲೆ ಹೋಗಿ ಇಳಿಯುತ್ತಿರುವುದು ಅದರಿಂದಲೇ. ತಿರುಗಿಸುವಾಗ ಹಳೆಯದೊಂದು, ಹೊಸದೊಂದು, ಎರಡೂ ಒಟ್ಟಿಗೆ ಇರುತ್ತವೆ, ಆ ಗಳಿಗೆಗೆ 99 ಎಂಬಿ. 320 ಪಿಕ್ಸೆಲ್‌ನ ಚೌಕಕ್ಕೆ ಇಷ್ಟು!

ಬಿಟ್‌ಮ್ಯಾಪ್ ಫ್ಯಾಕ್ಟರಿ ಆಪ್ಶನ್ಸ್‌ನಲ್ಲಿ ಇನ್ ಜಸ್ಟ್ ಡಿಕೋಡ್ ಬೌಂಡ್ಸ್ ಟ್ರೂ ಇಟ್ಟು ಮೊದಲು ಅಳತೆ ಮಾತ್ರ ಓದಿ, ಆಮೇಲೆ ಇನ್ ಸ್ಯಾಂಪಲ್ ಸೈಜ್ 8 ಇಟ್ಟು ಬಿಚ್ಚಿ. 520 ಅಡ್ಡ 390 ಉದ್ದ ಬರುತ್ತದೆ, 8,11,200 ಬೈಟ್. 49.5 ಎಂಬಿ ಹೋಗಿ 0.8 ಎಂಬಿ ಆಯಿತು, ಚೌಕದಲ್ಲಿ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ತಿರುಗಿಸುವುದನ್ನು ಈ ಸಣ್ಣದರ ಮೇಲೆ ಮಾಡಿ. ಆ ಸಂಖ್ಯೆ ಎರಡರ ಘಾತದಲ್ಲೇ ಇರಬೇಕು, 7 ಕೊಟ್ಟರೆ 4ಕ್ಕೆ ಇಳಿಸಿಕೊಳ್ಳುತ್ತದೆ. ಇದನ್ನೆಲ್ಲ ಕೈಯಿಂದ ಬರೆಯುವ ಬದಲು ಗ್ಲೈಡ್ ಅಥವಾ ಕಾಯಿಲ್ ಎಂಬ ಚಿತ್ರ ಲೈಬ್ರರಿ ಬಳಸಿದರೆ ವ್ಯೂ ಅಳತೆ ನೋಡಿ ಅವೇ ಕುಗ್ಗಿಸುತ್ತವೆ, ತಿರುಗಿಸುವುದನ್ನೂ ನೋಡಿಕೊಳ್ಳುತ್ತವೆ. ಇಮೇಜ್ ವ್ಯೂಗೆ ಅಳತೆ ಖಚಿತವಾಗಿ ಕೊಡಿ. ರ‍್ಯಾಪ್ ಕಂಟೆಂಟ್ ಎಂದು ಬಿಟ್ಟರೆ ಗ್ಲೈಡ್ ಪರದೆಯ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಮುಂದೆ 48 ಮೆಗಾಪಿಕ್ಸೆಲ್ ಫೋನ್ ಬಂದಾಗ ಇನ್ನೊಂದು ಕಾಣಿಸುತ್ತದೆ. 8000 ಅಡ್ಡ 6000 ಉದ್ದದ ಚಿತ್ರ ಬಿಚ್ಚಿದರೆ 19.2 ಕೋಟಿ ಬೈಟ್. ಅದನ್ನು ಹಾಗೇ ವ್ಯೂಗೆ ಕೊಟ್ಟರೆ ರ‍್ಯಾಮ್ ಎಷ್ಟೇ ಇರಲಿ, ಕ್ಯಾನ್ವಾಸ್ ಇಷ್ಟು ದೊಡ್ಡದನ್ನು ಬರೆಯಲಾರೆ ಎಂದು ಎಕ್ಸೆಪ್ಶನ್ ಎಸೆಯುತ್ತದೆ. ಅಲ್ಲಿ 100 ಎಂಬಿ ಮಿತಿ ಇದೆ.

ಆ್ಯಕ್ಟಿವಿಟೀಸ್ 6 ಎಂಬುದು ಲೀಕ್, ಮುಚ್ಚಿದ ಪುಟಗಳೂ ಮೆಮೊರಿಯಲ್ಲೇ ಉಳಿದಿವೆ. ಅದಕ್ಕೆ ಲೀಕ್ ಹುಡುಕಿಕೊಡುವ ಲೀಕ್‌ಕ್ಯಾನರಿ ಹಾಕಿ, ಡೀಬಗ್ ಬಿಲ್ಡ್‌ಗೆ ಮಾತ್ರ. ಟ್ರೇಸ್ ಬಂದ ಮೇಲೆ ಮಾತಾಡೋಣ.

ಧಾರವಾಡದ_ಟೆಸ್ಟರ್

ನಮಸ್ಕಾರ್ರಿ. ನಾ ಟೆಸ್ಟಿಂಗ್ ಮಾಡಾಂವ, ಕೋಡಿನ ವಿಷಯ ಹಳೇಬೇರು ಸರ್ ಹೇಳ್ಯಾರ. ಕ್ಯಾಮೆರಾದಿಂದ ವಾಪಸ್ ಬಂದ್ರ ಫಾರ್ಮ್ ಖಾಲಿ ಆಗೂದನ್ನ ನಿಮ್ಮ ಟೇಬಲ್ ಮ್ಯಾಲೇ ತೋರಿಸೋ ದಾರಿ ಐತಿ, ಹೊಲಕ್ಕ ಹೋಗೂದು ಬ್ಯಾಡ.

ಫಾರ್ಮ್ ಅರ್ಧ ತುಂಬ್ರಿ. ಕ್ಯಾಮೆರಾ ತಗೀರಿ. ಕ್ಯಾಮೆರಾ ಎದುರಿಗಿ ಇದ್ದಾಗನ ಕಂಪ್ಯೂಟರಿನಿಂದ ಎಡಿಬಿ ಶೆಲ್ ಎಎಂ ಕಿಲ್ ಅಂತ ಬರದು ನಿಮ್ಮ ಪ್ಯಾಕೇಜ್ ಹೆಸರು ಕೊಡ್ರಿ. ಹಿಂದ ಇರೋ ಆ್ಯಪ್ ಅಷ್ಟ ಸಾಯತೈತಿ, ಎಲ್‌ಎಂಕೆಡಿ ಮಾಡಿಧಂಗನ. ಈಗ ಫೋಟೋ ತಗದು ಟಿಕ್ ಒತ್ರಿ. ಫಾರ್ಮಿನ್ಯಾಗ ತುಂಬಿದ್ದು ಉಳದು, ಫೋಟೋನೂ ತನ್ನ ಜಾಗಾಕ್ಕ ಬಂತಂದ್ರ ಪಾಸ್. ಇಲ್ಲಂದ್ರ ಬಗ್ ಹಿಡದಂಗ ಆತು.

ಬಾಳ ಮಂದಿ ಡೆವಲಪರ್ ಆಪ್ಶನ್ಸ್‌ನ್ಯಾಗಿನ ಡೋಂಟ್ ಕೀಪ್ ಆ್ಯಕ್ಟಿವಿಟೀಸ್ ಆನ್ ಮಾಡಿ ಪಾಸ್ ಅಂತಾರ. ಅದು ಸಾಲೂದಿಲ್ಲರಿ. ಅಲ್ಲಿ ಆ್ಯಕ್ಟಿವಿಟಿ ಅಷ್ಟ ಹೋಗತೈತಿ, ಪ್ರಾಸೆಸ್ ಜೀವಂತ ಇರತೈತಿ. ಸಿಂಗಲ್‌ಟನ್ (ಪ್ರಾಸೆಸ್ ಇರೂತನಕ ಇರೋ ಒಂದ ವಸ್ತು) ಒಳಗ ಇಟ್ಟ ಡೇಟಾ ಉಳದು, ಎಲ್ಲಾ ಸರಿ ಐತಿ ಅನಸ್ತೈತಿ.

ಇನ್ನೊಂದು. ಹೊಸಾ ಫೋನ್ ರೀಸೆಟ್ ಮಾಡಿ ಟೆಸ್ಟ್ ಮಾಡಬ್ಯಾಡ್ರಿ. ಸಿಬ್ಬಂದಿಯೊಳಗ ಒಬ್ಬರ ಫೋನ್ ಇದ್ದಂಗ ಇಸ್ಕೊಳ್ರಿ, ವಾಟ್ಸ್ಆ್ಯಪ್, ಶೇರ್‌ಚಾಟ್, ಯೂಟ್ಯೂಬ್ ಎಲ್ಲಾ ಓಡ್ಕೋತ ಇರೋದು. ರ‍್ಯಾಮಿನ ನಿಜ ಪರಿಸ್ಥಿತಿ ಅಲ್ಲೇ ತಿಳೀತೈತಿ. ಆ್ಯಂಡ್ರಾಯ್ಡ್ 10ರ ಫೋನಿನ್ಯಾಗ ಎಕ್ಸಿಟ್ ಇನ್ಫೋ ಇಲ್ಲಲ್ಲಾ, ಅಲ್ಲಿ ಲಾಗ್‌ಕ್ಯಾಟ್‌ನ ಇವೆಂಟ್ಸ್ ಬಫರ್ ತಗದು ಎಎಂ ಪ್ರಾಕ್ ಡೈಡ್ ಅನ್ನೋ ಸಾಲು ಹುಡುಕ್ರಿ. ಯಾವಾಗ ಸತ್ತಿತು ಅನ್ನೂದು ಸಿಗತೈತಿ.

ಬದುಬೇಲಿ

ಎಎಂ ಕಿಲ್ ಹೇಳಿದ್ದಕ್ಕೆ ಅನಂತ ಧನ್ಯವಾದ. ಮೊದಲ ಸಲವೇ ಫೇಲ್ ಆಯಿತು, ನಮ್ಮ ಮೇಜಿನ ಮೇಲಿನ 8 ಜಿಬಿ ಫೋನಿನಲ್ಲೂ!

ಲೀಕ್‌ಕ್ಯಾನರಿ ಟ್ರೇಸ್ ಇದು. ಮೇಲ್ತುದಿಯಲ್ಲಿ ಲೊಕೇಶನ್ ಹೆಲ್ಪರ್‌ನ ಸ್ಟ್ಯಾಟಿಕ್ ಇನ್‌ಸ್ಟನ್ಸ್. ಅದರಡಿ ಲಿಸನರ್ಸ್ ಎಂಬ ಅರೇಲಿಸ್ಟ್, ಅದರ ಕೆಳಗೆ ಕೆಂಪು ಅಲೆಗೆರೆ. ಅದರೊಳಗೆ ಹೊಲದ ಆ್ಯಕ್ಟಿವಿಟಿಯ ಒಂದು ಅನಾಮಿಕ ಕ್ಲಾಸ್. ಅದರಿಂದ ಹೊಲದ ಆ್ಯಕ್ಟಿವಿಟಿ, ಎದುರಿಗೆ ಲೀಕಿಂಗ್ ಯೆಸ್, ಎಂ ಡಿಸ್ಟ್ರಾಯ್ಡ್ ಟ್ರೂ. ಮೂಲೆಯ ಜಿಪಿಎಸ್ ಪಡೆಯಲು ಪುಟ ಹುಟ್ಟುವಾಗ ಓಡುವ ಆನ್ ಕ್ರಿಯೇಟ್‌ನಲ್ಲಿ ಲಿಸನರ್ (ಜಿಪಿಎಸ್ ಸಿಕ್ಕಾಗ ಸುದ್ದಿ ಪಡೆಯುವ ವಸ್ತು) ಸೇರಿಸುತ್ತೇವೆ.

ಹಳೇಬೇರು

ಸೇರಿಸುತ್ತೀರಿ, ತೆಗೆಯುವುದು ಎಲ್ಲಿ? ಟ್ರೇಸ್ ಹೇಳುತ್ತಿರುವುದು ಅದನ್ನೇ. ಬಾಡಿಗೆದಾರರು ಮನೆ ಬಿಟ್ಟು ಹೋಗಿದ್ದಾರೆ, ಕೀಲಿ ಮಾತ್ರ ಇನ್ನೂ ಅವರ ಹೆಸರಿನಲ್ಲಿದೆ, ಹಾಗಾಗಿ ಮನೆಯನ್ನು ಬೇರೆಯವರಿಗೆ ಕೊಡುವಂತಿಲ್ಲ. ಲೊಕೇಶನ್ ಹೆಲ್ಪರ್ ಸ್ಟ್ಯಾಟಿಕ್, ಪ್ರಾಸೆಸ್ ಇರುವವರೆಗೂ ಇರುತ್ತದೆ. ಅದರ ಪಟ್ಟಿಯಲ್ಲಿ ಲಿಸನರ್ ಇದೆ. ಲಿಸನರ್ ನಿಮ್ಮ ಆ್ಯಕ್ಟಿವಿಟಿಯೊಳಗೆ ಹುಟ್ಟಿದ ಅನಾಮಿಕ ಕ್ಲಾಸ್ ಆದ್ದರಿಂದ ಹೊರಗಿನ ಆ್ಯಕ್ಟಿವಿಟಿಯನ್ನು ಹಿಡಿದಿದೆ. ಆ್ಯಕ್ಟಿವಿಟಿ ತನ್ನ ಎಲ್ಲ ವ್ಯೂಗಳನ್ನು, ವ್ಯೂಗಳು ತಮ್ಮ ಬಿಟ್‌ಮ್ಯಾಪ್‌ಗಳನ್ನು. ಐದು ಪೂರ್ಣಗಾತ್ರದ ಫೋಟೋ ಇದ್ದ ಒಂದೇ ಒಂದು ಹೊಲದ ಪುಟ ಹೀಗೆ ಉಳಿದುಕೊಂಡರೆ ಸುಮಾರು 250 ಎಂಬಿ ಕೊಟ್ಟ ಹಾಗೆ. ಸಿಬ್ಬಂದಿ ದಿನದ ಮೊದಲ ಹೊಲ ಮುಗಿಸಿ ಎರಡನೆಯದಕ್ಕೆ ಹೋದಾಗ ಹೆಚ್ಚು ಬೀಳುತ್ತಿತ್ತೇ ಎಂದು ಕೇಳಿ ನೋಡಿ.

ಪುಟ ಕಾಣುವಾಗ ಓಡುವ ಆನ್ ಸ್ಟಾರ್ಟ್‌ನಲ್ಲಿ ಸೇರಿಸಿ, ಮರೆಯಾಗುವಾಗ ಓಡುವ ಆನ್ ಸ್ಟಾಪ್‌ನಲ್ಲಿ ತೆಗೆಯಿರಿ. ಜಿಪಿಎಸ್ ಹಿಂದೆ ಓಡುತ್ತಾ ಬ್ಯಾಟರಿ ತಿನ್ನುವುದೂ ನಿಲ್ಲುತ್ತದೆ. ನಾನು ನೋಡಿರುವ ಲೀಕ್‌ಗಳಲ್ಲಿ ಹೆಚ್ಚಿನವು ಇದೇ ಆಕಾರದವು: ಹೆಚ್ಚು ಬಾಳುವ ವಸ್ತು ಕಡಿಮೆ ಬಾಳುವುದನ್ನು ಹಿಡಿದುಕೊಂಡಿರುತ್ತದೆ. ಸಿಂಗಲ್‌ಟನ್‌ಗೆ ಕೊಟ್ಟ ಆ್ಯಕ್ಟಿವಿಟಿ ಕಾಂಟೆಕ್ಸ್ಟ್, ತಡವಾಗಿ ಓಡಲಿ ಎಂದು ಹ್ಯಾಂಡ್ಲರ್‌ಗೆ ಕೊಟ್ಟ ರನ್ನಬಲ್, ಫ್ರಾಗ್ಮೆಂಟ್‌ನಲ್ಲಿ ಆನ್ ಡಿಸ್ಟ್ರಾಯ್ ವ್ಯೂ ಆದ ಮೇಲೂ ಇಟ್ಟುಕೊಂಡ ಬೈಂಡಿಂಗ್. ಕೊನೆಯದನ್ನು ನಲ್ ಮಾಡುವ ಸಾಲು ಎಷ್ಟೋ ಕೋಡುಗಳಲ್ಲಿ ಇರುವುದೇ ಇಲ್ಲ.

ಲೀಕ್‌ಕ್ಯಾನರಿ ಆ್ಯಕ್ಟಿವಿಟಿ ನಾಶವಾದ ಮೇಲೆ 5 ಸೆಕೆಂಡ್ ಕಾದು, ಜಿಸಿ ಮಾಡಿಸಿ, ಆಮೇಲೂ ಉಳಿದಿದ್ದರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ ಬ್ಯಾಕ್ ಒತ್ತಿದ ತಕ್ಷಣ ಏನೂ ಬರಲಿಲ್ಲ ಎಂದು ಬಿಡಬೇಡಿ.

ಬೇಸ್64 ಬಗ್ಗೆ. ಮೂರು ಬೈಟ್‌ಗೆ ನಾಲ್ಕು ಅಕ್ಷರ, ಮೂರರಲ್ಲೊಂದು ಪಾಲು ಅಲ್ಲೇ ಏರಿತು. ಅದರ ಮೇಲೆ ಜಿಸನ್ ಇಡೀ ಪಠ್ಯವನ್ನು ಒಂದೇ ಬಫರ್‌ನಲ್ಲಿ ಕಟ್ಟುತ್ತದೆ. ಬಫರ್ ಸಾಲದಾದಾಗ ದುಪ್ಪಟ್ಟು ದೊಡ್ಡದನ್ನು ಕೇಳಿ, ಹಳೆಯದನ್ನು ಅದಕ್ಕೆ ನಕಲು ಮಾಡುತ್ತದೆ. ಟ್ರೇಸ್‌ನ ಅರೇಸ್ ಕಾಪಿಆಫ್ ಅದೇ. ಆಮೇಲೆ ಟು-ಸ್ಟ್ರಿಂಗ್‌ಗೆ ಒಂದು ನಕಲು, ಕಳಿಸಲು ಬೈಟ್ ಮಾಡುವಾಗ ಇನ್ನೊಂದು. ಫಾರ್ಮ್ ಅನ್ನು ಜೇಸನ್ ಆಗಿ, ಫೋಟೋಗಳನ್ನು ಮಲ್ಟಿಪಾರ್ಟ್ ಆಗಿ (ಅಕ್ಷರ ಮಾಡದೆ, ಫೈಲ್ ಇದ್ದ ಹಾಗೇ) ಬೇರೆಯಾಗಿ ಕಳಿಸಿ. ಓಕೆಎಚ್‌ಟಿಟಿಪಿ ಎಂಬ ನೆಟ್‌ವರ್ಕ್ ಲೈಬ್ರರಿಯಲ್ಲಿ ಫೈಲ್‌ನಿಂದಲೇ ರಿಕ್ವೆಸ್ಟ್ ಬಾಡಿ ಮಾಡಿದರೆ ಅದು ಡಿಸ್ಕಿನಿಂದ ತುಂಡು ತುಂಡಾಗಿ ಓದಿ ಕಳಿಸುತ್ತದೆ, ಫೋಟೋ 4 ಎಂಬಿ ಇರಲಿ 40 ಇರಲಿ, ಹೀಪ್ ಕದಲುವುದಿಲ್ಲ. ವರ್ಕ್ ಮ್ಯಾನೇಜರ್‌ಗೆ ಒಪ್ಪಿಸಿದರೆ ಸಿಗ್ನಲ್ ಬಂದಾಗ ಅದೇ ಕಳಿಸುತ್ತದೆ.

ಕಡಲತಡಿ

ನಾನು ಕುಂದಾಪುರದಲ್ಲಿ ಕೂತು ಫ್ಲಟರ್ (ಒಂದೇ ಕೋಡಿನಿಂದ ಆ್ಯಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಮಾಡುವ ಸಾಧನ) ಕೆಲಸ ಮಾಡುವವ. ಫ್ಲಟರ್‌ನವರಿಗೂ ಈ ಚರ್ಚೆ ಹಾಗೆಯೇ ಅನ್ವಯ, ಹೆಸರುಗಳು ಮಾತ್ರ ಬೇರೆ. ಕ್ಯಾಮೆರಾ ತೆರೆದಾಗ ನಮ್ಮ ಆ್ಯಪ್ ಸತ್ತುಹೋದರೆ ಫೋಟೋ ಎಲ್ಲಿ ಹೋಯಿತು ಎಂದು ಹುಡುಕುವವರು ಇಮೇಜ್ ಪಿಕರ್‌ನ ರಿಟ್ರೀವ್ ಲಾಸ್ಟ್ ಡೇಟಾ ನೋಡಿ. ಆ್ಯಂಡ್ರಾಯ್ಡ್‌ನಲ್ಲಿ ಆ್ಯಪ್ ಶುರುವಾಗುವಾಗ ಅದನ್ನು ಕರೆಯಬೇಕು. ಅದು ಇರುವುದೇ ಈ ಸಾವಿಗಾಗಿ.

ಪಟ್ಟಿಯಲ್ಲಿ ಚಿಕ್ಕ ಚಿತ್ರ ತೋರಿಸುವಾಗ ವಿಡ್ತ್ ಕೊಟ್ಟರೆ ಸಾಲದು, ಕ್ಯಾಶ್ ವಿಡ್ತ್ ಕೊಡಬೇಕು. ವಿಡ್ತ್ ಕಣ್ಣಿಗೆ ಕಾಣುವ ಅಳತೆ, ಕ್ಯಾಶ್ ವಿಡ್ತ್ ಮೆಮೊರಿಯಲ್ಲಿ ಬಿಚ್ಚುವ ಅಳತೆ. ಇಮೇಜ್ ಕ್ಯಾಶ್‌ನ ಮಿತಿ ಮೊದಲಿನಿಂದ 1000 ಚಿತ್ರ, 100 ಎಂಬಿ ಎಂದಿದೆ, 2 ಜಿಬಿ ಫೋನಿಗೆ ಅದು ಜಾಸ್ತಿ, ನಾನು ಇಳಿಸಿಯೇ ಇಡುವುದು.

ಒಂದು ಪ್ರಶ್ನೆ ಬದುಬೇಲಿ ಅವರಿಗೆ: ನೀವು ಕಳಿಸುವ ಫೋಟೋವನ್ನೇ 1600 ಪಿಕ್ಸೆಲ್‌ಗೆ ಕುಗ್ಗಿಸಬಾರದೇ? ನೆಟ್ ಕೂಡ ಉಳಿಯುತ್ತದಲ್ಲ.

ಬದುಬೇಲಿ

ಮೂಲೆಗಳ ಫೋಟೋ ಕುಗ್ಗಿಸಬಹುದು. ಹತ್ತಿರದ ಫೋಟೋ ಆಗುವುದಿಲ್ಲ. ಅದನ್ನು ಕೃಷಿ ಪದವೀಧರರೊಬ್ಬರು ಹಿಗ್ಗಿಸಿ ನೋಡಿ ಎಲೆ ಮುಟುರು ರೋಗವೋ, ಥ್ರಿಪ್ಸ್ ನುಸಿಯೋ, ಲದ್ದಿಹುಳುವೋ ಹೇಳಬೇಕು. ಕುಗ್ಗಿಸಿದರೆ ಎಲೆಯ ಹಿಂಬದಿಯ ಚುಕ್ಕೆ ಹೋಗುತ್ತದೆ. ಅದನ್ನು ಮೂಲ ಫೈಲ್ ಆಗಿಯೇ ಮಲ್ಟಿಪಾರ್ಟ್‌ನಲ್ಲಿ ಕಳಿಸುತ್ತೇವೆ.

ಅದೇ ಮಾಡಿದೆ ಕೂಡ. ಲಿಸನರ್ ತೆಗೆದೆ, ಆ್ಯಕ್ಟಿವಿಟೀಸ್ ಈಗ 1. ಗ್ಲೈಡ್ ಹಾಕಿದ ಮೇಲೆ ಐದೂ ಫೋಟೋ ಇದ್ದರೂ ನೇಟಿವ್ ಹೀಪ್ 50 ಎಂಬಿ ದಾಟುತ್ತಿಲ್ಲ. ಆದರೆ ಮಲ್ಟಿಪಾರ್ಟ್ ಮಾಡಿದ ಮೇಲೂ ಫೋಟೋ ಕಳಿಸುವಾಗ ಜಾವಾ ಹೀಪ್ ಪ್ರತಿ ಫೋಟೋಗೂ ಜಿಗಿಯುತ್ತಿದೆ. ಪ್ರೊಫೈಲರ್‌ನಲ್ಲಿ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ನೀವು ಕದಲುವುದಿಲ್ಲ ಎಂದಿದ್ದಿರಿ.

ಹಳೇಬೇರು

ಎಚ್‌ಟಿಟಿಪಿ ಲಾಗಿಂಗ್ ಇಂಟರ್‌ಸೆಪ್ಟರ್ ಇದೆಯೇ? ಲೆವೆಲ್ ಏನಿದೆ?

ಬದುಬೇಲಿ

ಬಾಡಿ.

ಹಳೇಬೇರು

ಅದೇ. ಬಾಡಿ ಲೆವೆಲ್‌ನಲ್ಲಿ ಅದು ಕಳಿಸುವುದನ್ನು ಲಾಗ್‌ಗೆ ಬರೆಯಬೇಕಲ್ಲ, ಅದಕ್ಕಾಗಿ ಪೂರ್ತಿ ಫೋಟೋವನ್ನು ಮೊದಲು ಮೆಮೊರಿಯ ಬಫರ್‌ಗೆ ಓದಿಕೊಳ್ಳುತ್ತದೆ. ಹೆಡರ್ಸ್ ಅಥವಾ ಬೇಸಿಕ್‌ಗೆ ಇಳಿಸಿ. ಬಿಡುಗಡೆ ಬಿಲ್ಡ್‌ನಲ್ಲಿ ಅದು ಇರಲೇಬಾರದು. ರೈತರ ಹೆಸರು, ಜಮೀನಿನ ವಿವರ ಲಾಗ್‌ಗೆ ಹೋಗುತ್ತಿರುವುದು ಮೆಮೊರಿಗಿಂತ ದೊಡ್ಡ ಚಿಂತೆ.

ಡಬ್ಲಿನ್_ಕನ್ನಡಿಗ

ಐಫೋನ್ ಕಡೆಯಿಂದ ಒಂದಿಷ್ಟು, ಯಾಕೆಂದರೆ ವರದಿ ಬರದ ಸಾವು ನಮ್ಮಲ್ಲೂ ಇದೆ. ಅಲ್ಲಿ ಕೊಲ್ಲುವವನ ಹೆಸರು ಜೆಟ್ಸಮ್. ಕ್ರ್ಯಾಶ್ ಲಾಗ್ ಬದಲು ಜೆಟ್ಸಮ್ ಇವೆಂಟ್ ಎಂದು ಶುರುವಾಗುವ ಬೇರೆ ಕಡತ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಒಳಗಿನ ಅನಲಿಟಿಕ್ಸ್ ಡೇಟಾದಲ್ಲಿ ಸಿಗುತ್ತದೆ. ಅದರಲ್ಲಿ ಸ್ಟ್ಯಾಕ್ ಟ್ರೇಸ್ ಇರುವುದಿಲ್ಲ. ನಿಮ್ಮ ಆ್ಯಪ್ ಹೆಸರಿನ ಎದುರಿಗೆ ಆರ್‌ಪೇಜಸ್ (ಹಿಡಿದಿದ್ದ ಮೆಮೊರಿ ಪೇಜ್‌ಗಳು) ಎಂಬ ಸಂಖ್ಯೆ, ಮೇಲೆ ಪೇಜ್ ಸೈಜ್ 16384. ಎರಡನ್ನೂ ಗುಣಿಸಿ. 90,000 ಪೇಜ್ ಇದ್ದರೆ ಸುಮಾರು 1.4 ಜಿಬಿ ಹಿಡಿದಿತ್ತು ಎಂದು ಅರ್ಥ. ಕಾರಣದ ಜಾಗದಲ್ಲಿ ಪರ್ ಪ್ರಾಸೆಸ್ ಲಿಮಿಟ್ ಎಂದಿದ್ದರೆ ನಿಮ್ಮ ಆ್ಯಪ್ ತನ್ನ ಪಾಲು ಮೀರಿದೆ.

ಐಫೋನ್ ಆ್ಯಪ್‌ಗಳ ಸ್ವಿಫ್ಟ್ ಭಾಷೆಯಲ್ಲಿ ಜಿಸಿ ಇಲ್ಲ, ಎಆರ್‌ಸಿ, ಅಂದರೆ ಒಂದು ವಸ್ತುವನ್ನು ಎಷ್ಟು ಕಡೆ ಹಿಡಿದಿದ್ದಾರೆ ಎಂಬ ಎಣಿಕೆ. ಎ ವಸ್ತು ಬಿ ಅನ್ನು ಹಿಡಿದು, ಬಿ ವಾಪಸ್ ಎ ಅನ್ನು ಹಿಡಿದರೆ ಎರಡೂ ಬಿಡುಗಡೆ ಆಗುವುದಿಲ್ಲ. ಕ್ಲೋಶರ್‌ನಲ್ಲಿ ವೀಕ್ ಸೆಲ್ಫ್ ಮರೆತ ಕಡೆ, ಇನ್‌ವ್ಯಾಲಿಡೇಟ್ ಮಾಡದ ಟೈಮರ್ ಕಡೆ ಮೊದಲು ನೋಡಿ. ಎಕ್ಸ್‌ಕೋಡ್‌ನ ಮೆಮೊರಿ ಗ್ರಾಫ್ ತೆರೆದರೆ ಯಾರು ಯಾರನ್ನು ಹಿಡಿದಿದ್ದಾರೆಂದು ಚಿತ್ರ ಸಮೇತ ಕಾಣುತ್ತದೆ. ದೊಡ್ಡ ಫೋಟೋಗಳಿಗೆ ಯುಐಇಮೇಜ್ ಮಾಡಿ ಆಮೇಲೆ ಕುಗ್ಗಿಸುವುದು ಬೇಡ, ಇಮೇಜ್ ಐಒದ ಥಂಬ್‌ನೇಲ್ ಕರೆ ಬಳಸಿದರೆ ಪೂರ್ಣಗಾತ್ರಕ್ಕೆ ಬಿಚ್ಚದೆಯೇ ಚಿಕ್ಕದು ಸಿಗುತ್ತದೆ. ಬಳಕೆದಾರರ ಫೋನುಗಳಿಂದ ಲೆಕ್ಕ ಬೇಕಾದರೆ ಐಒಎಸ್ 14ರಿಂದ ಮೆಟ್ರಿಕ್‌ಕಿಟ್‌ನಲ್ಲಿ ಆ್ಯಪ್ ಎಕ್ಸಿಟ್ ಮೆಟ್ರಿಕ್ ಇದೆ, ಮೆಮೊರಿಯಿಂದ ಸತ್ತಿದ್ದನ್ನು ಬೇರೆಯಾಗಿ ಎಣಿಸಿ ಕೊಡುತ್ತದೆ.

ಬದುಬೇಲಿ

ಲಾಗಿಂಗ್ ಇಳಿಸಿದ ಮೇಲೆ ಗರಗಸ ಹೋಯಿತು. ಔಟ್‌ಆಫ್‌ಮೆಮೊರಿ ಮತ್ತೆ ಬಂದಿಲ್ಲ. ಆದರೆ ಒಬ್ಬರ 2 ಜಿಬಿ ಫೋನಿನಲ್ಲಿ ಕ್ಯಾಮೆರಾ ತೆರೆದಾಗ ಆ್ಯಪ್ ಈಗಲೂ ಸಾಯುತ್ತಿದೆ. ಮೊದಲಿನಷ್ಟಿಲ್ಲ, ಆದರೂ ಇದೆ. ಇನ್ನೂ ಏನು ಇಳಿಸಬೇಕು?

ಹಳೇಬೇರು

ಇಳಿಸಿದ್ದು ಸಾಕು. ಆ ಫೋನಿನಲ್ಲಿ ಆ್ಯಪ್ ಸಾಯುವುದನ್ನು ಪೂರ್ತಿ ತಡೆಯಲು ಆಗುವುದಿಲ್ಲ, ಅದು ಆ್ಯಂಡ್ರಾಯ್ಡ್ ಕೆಲಸ ಮಾಡುವ ರೀತಿ. ಸತ್ತರೂ ಬಳಕೆದಾರನಿಗೆ ಗೊತ್ತಾಗದ ಹಾಗೆ ಮಾಡುವುದು ನಿಮ್ಮ ಕೈಯಲ್ಲಿದೆ.

ಫಾರ್ಮ್‌ನ ಪ್ರತಿ ಕ್ಷೇತ್ರ ಬದಲಾದಾಗ ಫೋನಿನಲ್ಲೇ ಇರುವ ರೂಮ್ ಡೇಟಾಬೇಸ್‌ಗೆ ಕರಡು ಆಗಿ ಬರೆಯಿರಿ. ಸಲ್ಲಿಸು ಒತ್ತುವವರೆಗೆ ಕಾಯಬೇಡಿ. ಪುಟದ ಡೇಟಾ ಇಡುವ ವ್ಯೂಮಾಡೆಲ್‌ನಲ್ಲಿದೆಯಲ್ಲ ಎಂದು ನಂಬಬೇಡಿ, ಅದು ಪರದೆ ತಿರುಗಿಸಿದರೆ ಉಳಿಯುತ್ತದೆ, ಪ್ರಾಸೆಸ್ ಸತ್ತರೆ ಉಳಿಯುವುದಿಲ್ಲ. ಯಾವ ಹೊಲ, ಯಾವ ಮೂಲೆಯ ಫೋಟೋ, ಅದರ ಫೈಲ್ ದಾರಿ ಯಾವುದು, ಇಷ್ಟನ್ನು ಕ್ಯಾಮೆರಾ ತೆರೆಯುವ ಮೊದಲೇ ಪ್ರಾಸೆಸ್ ಸತ್ತರೂ ಉಳಿಯುವ ಸೇವ್ಡ್ ಸ್ಟೇಟ್ ಹ್ಯಾಂಡಲ್‌ಗೆ ಹಾಕಿ. ಕ್ಯಾಮೆರಾ ತೆರೆದು ಫೋಟೋ ಪಡೆಯುವ ಟೇಕ್ ಪಿಕ್ಚರ್ ಕಾಂಟ್ರ್ಯಾಕ್ಟ್ ಅನ್ನು ಬಟನ್ ಒತ್ತಿದಾಗ ನೋಂದಾಯಿಸುವ ಹಾಗಿಲ್ಲ, ಆ್ಯಕ್ಟಿವಿಟಿ ಹುಟ್ಟುವಾಗಲೇ ನೋಂದಾಯಿಸಬೇಕು. ಆಗ ಆ್ಯಪ್ ಮತ್ತೆ ಎದ್ದ ಮೇಲೂ ಕ್ಯಾಮೆರಾದ ಉತ್ತರ ಅದಕ್ಕೆ ತಲುಪುತ್ತದೆ. ಫೋಟೋವನ್ನೇ ಹೀಗೆ ಉಳಿಸಿಡುವ ಬಂಡಲ್‌ಗೆ ಹಾಕಬೇಡಿ. ಅದನ್ನು ಸಿಸ್ಟಮ್‌ಗೆ ಸಾಗಿಸುವ ಬೈಂಡರ್ ಬಫರ್ 1 ಎಂಬಿ, ಅದೂ ಆ ಪ್ರಾಸೆಸ್‌ನಲ್ಲಿ ನಡೆಯುತ್ತಿರುವ ಎಲ್ಲ ವ್ಯವಹಾರಗಳಿಗೂ ಸೇರಿ. ಟ್ರಾನ್ಸ್ಯಾಕ್ಷನ್ ಟೂ ಲಾರ್ಜ್ ಎಂಬ ಹೊಸ ಕ್ರ್ಯಾಶ್ ಬರುತ್ತದೆ.

ಮುಂದೆ ಸಮಯ ಸಿಕ್ಕಾಗ ಕ್ಯಾಮೆರಾಎಕ್ಸ್ ಲೈಬ್ರರಿ ಬಳಸಿ ಆ್ಯಪ್ ಒಳಗೇ ಫೋಟೋ ತೆಗೆಯಿರಿ. ಆಗ ಎದುರಿಗಿರುವುದು ನೀವೇ, ಅಂಕ 0.

ಧಾರವಾಡದ_ಟೆಸ್ಟರ್

ಅದಾದ ಮ್ಯಾಲೆ ಮತ್ತ ಎಎಂ ಕಿಲ್ ಮಾಡ್ರಿ. ಒಂದನೇ ಮೂಲಿ ಫೋಟೋದಾಗೂ ಮಾಡ್ರಿ, ಐದನೇದ್ರಾಗೂ ಮಾಡ್ರಿ. ಐದನೇದು ತಗೊಂಡ್ ಬಂದು ಒಂದನೇದ್ರ ಜಾಗಾಕ್ಕ ಕುಂದರ್ಸೋ ಆ್ಯಪ್ ನಾ ನೋಡೇನಿ.

ಬದುಬೇಲಿ

ಎರಡೂ ಪಾಸ್. ಸಿಬ್ಬಂದಿಗೆ ಹೊಸ ಬಿಲ್ಡ್ ಕೊಡುತ್ತಿದ್ದೇವೆ. ಇನ್ನು ಮುಂದೆ ಸದ್ದಿಲ್ಲದ ಸಾವು ಎಲ್ಲಿ ಆಗುತ್ತಿದೆ ಎಂದು ಅವರು ಫೋನ್ ಮಾಡಿ ಹೇಳುವ ಮೊದಲೇ ನಮಗೆ ತಿಳಿಯುವ ಹಾಗೆ ಏನಾದರೂ ಇದೆಯೇ ಸರ್?

ಹಳೇಬೇರು

ಆ್ಯಂಡ್ರಾಯ್ಡ್ 11ರಿಂದ ಮೇಲಿನ ಫೋನುಗಳಿಗೆ ಇದೆ. ಆ್ಯಕ್ಟಿವಿಟಿ ಮ್ಯಾನೇಜರ್‌ನಲ್ಲಿ ಸೆಟ್ ಪ್ರಾಸೆಸ್ ಸ್ಟೇಟ್ ಸಮ್ಮರಿ ಎಂಬ ಕರೆ ಇದೆ, 128 ಬೈಟ್‌ವರೆಗೆ ನಿಮಗೆ ಬೇಕಾದ್ದನ್ನು ಬರೆದಿಡಬಹುದು. ಪುಟ ಬದಲಾದಾಗಲೆಲ್ಲ ಪುಟದ ಹೆಸರು, ಎಷ್ಟನೇ ಫೋಟೋ ಎಂದು ಬರೆಯಿರಿ. ರೈತರ ಹೆಸರು, ಸರ್ವೆ ನಂಬರ್ ಬರೆಯಬೇಡಿ. ಪ್ರಾಸೆಸ್ ಸತ್ತರೂ ಸಿಸ್ಟಮ್ ಅದನ್ನು ಇಟ್ಟುಕೊಂಡು ಮುಂದಿನ ಸಲ ಎಕ್ಸಿಟ್ ಇನ್ಫೋ ಜೊತೆ ವಾಪಸ್ ಕೊಡುತ್ತದೆ. ಅದೇ ದಾಖಲೆಯಲ್ಲಿ ಪಿಎಸ್‌ಎಸ್, ಸತ್ತ ಸಮಯ, ಇಂಪಾರ್ಟೆನ್ಸ್ (ಸಾಯುವಾಗ ಆ್ಯಪ್ ಎದುರಿಗಿತ್ತೋ ಹಿಂದಿತ್ತೋ ಹೇಳುವ ಸಂಖ್ಯೆ, ಮೊದಲು ಹೇಳಿದ ಅಂಕವಲ್ಲ) ಕೂಡ ಇರುತ್ತದೆ. ಆ್ಯಪ್ ಶುರುವಾದಾಗ ಹಿಂದೆ ಕಳಿಸಿದ್ದಕ್ಕಿಂತ ಹೊಸ ದಾಖಲೆಗಳನ್ನು ಮಾತ್ರ ನಿಮ್ಮ ಸರ್ವರ್‌ಗೆ ಕಳಿಸಿ.

ನೋಡುವಾಗ ಇಂಪಾರ್ಟೆನ್ಸ್‌ನಿಂದ ವಿಂಗಡಿಸಿ. 400 ಇದ್ದರೆ ಆ್ಯಪ್ ಹಿಂದೆ ಸುಮ್ಮನಿದ್ದಾಗ ಹೋಗಿದೆ, ಕರಡು ಉಳಿಯುತ್ತಿದ್ದರೆ ಅದರ ಹಿಂದೆ ಬೀಳಬೇಡಿ. 100 ಇದ್ದು ಕಾರಣ ಲೋ ಮೆಮೊರಿ ಎಂದಿದ್ದರೆ ಬಳಕೆದಾರರು ಪರದೆ ನೋಡುತ್ತಿದ್ದಾಗಲೇ ಹೋಗಿದೆ. ಅಂಥದ್ದು ಒಂದೇ ಪುಟದ ಹೆಸರಿನಲ್ಲಿ ಮತ್ತೆ ಮತ್ತೆ ಬಂದರೆ ಆ ಪುಟದ ಹೀಪ್ ಡಂಪ್ (ಹೀಪ್‌ನಲ್ಲಿರುವ ವಸ್ತುಗಳ ಪಟ್ಟಿ) ತೆಗೆದು, ರಿಟೇನ್ಡ್ ಸೈಜ್ (ಆ ವಸ್ತು ಹೋದರೆ ಒಟ್ಟು ತೆರವಾಗುವ ಮೆಮೊರಿ) ಪ್ರಕಾರ ಜೋಡಿಸಿ, ಮೇಲಿನ ನಾಲ್ಕೈದು ಸಾಲು ಇಲ್ಲಿ ಹಾಕಿ.